ಕೋಟೆ ಯಾರದು?

ರಜೆಗೆ ಊರಿಗೆ ಬರುವ ನನ್ನ ಹಳೆಯ ವಿದ್ಯಾರ್ಥಿಗಳು ಮಕ್ಕಳನ್ನು ಮಡಿಕೇರಿಗೆ ಕರೆದೊಯ್ದು, ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ ಶ್ರೀಮಂಗಲಕ್ಕೆ ಮರಳುತ್ತಾರೆ. ಕೋಟೆಗೆ ಹೋದರೆ ಎರಡು ಆನೆಗಳ ಪಕ್ಕದಲ್ಲೊಂದು ಫೋಟೊ. ಇದು ಯಾರ ಕೋಟೆ ಎಂದು ಮಕ್ಕಳು ಕೇಳಿದರೆ, ದೊಡ್ಡವರು ತಮಗೆ ಪ್ರಿಯವಾದ ಒಂದೇ ಹೆಸರು ಹೇಳಿ ಮುಗಿಸುತ್ತಾರೆ. ನನ್ನ ತಕರಾರು ಅದಕ್ಕೆ.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನು. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟನು. 1790ರಲ್ಲಿ ದೊಡ್ಡವೀರರಾಜೇಂದ್ರನ ವಶವಾಯಿತು. ಒಳಗಿನ ಅರಮನೆಯನ್ನು 1812-14ರಲ್ಲಿ ಹೊಸದಾಗಿ ಕಟ್ಟಿಸಿದವನು ಲಿಂಗರಾಜೇಂದ್ರ. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾಯಿತು. 1855ರಲ್ಲಿ ಅವರು ಕೋಟೆಯೊಳಗಿನ ವೀರಭದ್ರನ ಗುಡಿಯನ್ನು ತೆಗೆಸಿ ಇಗರ್ಜಿ ಕಟ್ಟಿಸಿದರು. ಇಂದಿನ ವಸ್ತುಸಂಗ್ರಹಾಲಯ ಆ ಇಗರ್ಜಿಯೇ.

ಟಿಪ್ಪುವಿನ ಹೆಸರೆತ್ತಿದರೆ ನಮ್ಮಲ್ಲಿ ಮನಸ್ಸು ಕದಡುತ್ತದೆ, ಕಾರಣವೂ ಉಂಟು. ಆ ನೋವನ್ನು ಮಕ್ಕಳಿಗೆ ಹೇಳಲೇಬೇಕು. ಹಾಗೆಯೇ ಗೋಡೆ ಕಟ್ಟಿಸಿದವನು ಯಾರೆಂಬುದನ್ನೂ, ಗುಡಿ ಹೋದದ್ದನ್ನೂ ಮುಚ್ಚಿಡಬಾರದು. ಒಂದು ಹೆಸರು ಅಳಿಸಿದರೂ ಕಣ್ಣೆದುರಿನ ಕಟ್ಟಡವೇ ಸುಳ್ಳಾಗುತ್ತದೆ. ಅದೇ ಊರಿನ ಓಂಕಾರೇಶ್ವರ ದೇವಾಲಯವನ್ನು ನೋಡಿ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಶಿವಾಲಯ; ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರು! ಆ ಅರಸನಿಗೆ ಇದರಿಂದ ಮುಜುಗರವಾದಂತೆ ಕಾಣುವುದಿಲ್ಲ.

ಮುಂದಿನ ರಜೆಯಲ್ಲಿ ಬಂದಾಗ ಕೋಟೆಯನ್ನು ನಿಧಾನವಾಗಿ ಸುತ್ತಿರಿ, ಈ ಹೆಸರುಗಳನ್ನೆಲ್ಲ ಇಸವಿ ಸಹಿತ ಮಕ್ಕಳಿಂದಲೇ ಬರೆಯಿಸಿರಿ. ಆಮೇಲೆ ಅವರನ್ನು ನಮ್ಮ ಮನೆಗೆ ಕರೆತನ್ನಿ. ಪರೀಕ್ಷೆ ನಾನು ಮಾಡುತ್ತೇನೆ.