ಮಾತಿಗೆ ಅಡ್ಡಿಯಾಗದ ಹಾಗೆ ಊದಬೇಕಂತೆ!

ಕಳೆದ ವರ್ಷ ನಮ್ಮ ಆಫೀಸಿನಲ್ಲಿ ಒಂದು ಬೀಳ್ಕೊಡುಗೆ ಇತ್ತು. ಹನ್ನೊಂದು ವರ್ಷ ಅದೇ ಕಂಪನಿಯಲ್ಲಿ ದುಡಿದಿದ್ದ, ನನಗೆ ಕೋಡ್ ಬರೆಯೋದಕ್ಕಿಂತ ಹೆಚ್ಚಾಗಿ ಕೋಡ್ ಅಳಿಸೋದನ್ನ ಕಲಿಸಿದ್ದ ಹಿರಿಯರೊಬ್ಬರ ಹೆಸರು ಆ ಸಲದ ಲೇಆಫ್ ಪಟ್ಟಿಯಲ್ಲಿತ್ತು. ಕೇಕು, ಸಮೋಸ, ಎಲ್ಲರೂ ಸಹಿ ಹಾಕಿದ ಒಂದು ಕಾರ್ಡು. ಬೀಳ್ಕೊಡುಗೆ ಅನ್ನೋದು ಮರ್ಯಾದೆಗೆ ಇಟ್ಟ ಹೆಸರು, ಅಷ್ಟೆ. ನಾನು ಟೆನರ್ ಸ್ಯಾಕ್ಸೋಫೋನ್ ಕಲಿಯುತ್ತಿರೋದು ಟೀಮಿಗೆಲ್ಲ ಗೊತ್ತು. ಉಸ್ತುವಾರಿ ಹೊತ್ತಿದ್ದವರು ಬಂದು ಹೇಳಿದರು: "ಸರ್, ಏನಾದ್ರೂ ಸ್ಲೋ ಆಗಿ ಊದಿ. ಎಲ್ರೂ ಮಾತಾಡ್ತಿರ್ತಾರಲ್ಲ, ಡಿಸ್ಟರ್ಬ್ ಆಗ್ಬಾರ್ದು."

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದು ಊರಿಗೆಲ್ಲ ಇರೋ ನಂಬಿಕೆ. ನಿಧಾನ ಅಂದ್ರೆ ಮೆತ್ತಗೆ, ಮೆತ್ತಗೆ ಅಂದ್ರೆ ಸುಲಭ, ಸುಲಭ ಅಂದ್ರೆ ಗೋಡೆಗೆ ಹೊಡೆದ ಬಣ್ಣದ ಹಾಗೆ ಸುಮ್ಮನೆ ಇರುವಂಥದ್ದು. ಈ ನಂಬಿಕೆಯ ಮೇಲೆ ನನಗೆ ಸಿಟ್ಟಿದೆ. ಹೋಟೆಲಿನ ಲಾಬಿಯಲ್ಲಿ, ಲಿಫ್ಟಿನಲ್ಲಿ, ಹಲ್ಲು ಕೀಳುವ ಡಾಕ್ಟರ ವೇಟಿಂಗ್ ರೂಮಿನಲ್ಲಿ ಟೆನರ್ ಸ್ಯಾಕ್ಸೋಫೋನು ನಿಧಾನಕ್ಕೆ ಅಳುತ್ತಾ ಇರುತ್ತೆ. ನಮ್ಮ ಫೋನುಗಳಲ್ಲಿ ಮಳೆ ಸದ್ದಿನ ಜೊತೆ ಎಂಟು ಗಂಟೆ ಹರಿಯೋ ಸ್ಯಾಕ್ಸೋಫೋನು ಸಿಗುತ್ತೆ. ಒಂದು ನಿದ್ದೆಗೆ, ಒಂದು 'ಫೋಕಸ್'ಗೆ, ಇನ್ನೊಂದು ಕ್ಯಾಂಡಲ್ ಲೈಟ್ ಡಿನ್ನರಿಗೆ. ಕೇಳಿಸಬೇಕು, ಆದರೆ ಯಾರೂ ಕೇಳಬಾರದು!

ನಾನು ಬಂಟ್ವಾಳದ ಕಡೆಯ ಹಳ್ಳಿಯವನು. ನಮ್ಮಲ್ಲಿ ಸ್ಯಾಕ್ಸೋಫೋನು ಫಾರಿನ್ ವಾದ್ಯ ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ಮದುವೆಗೆ ಉಂಟು, ಜಾತ್ರೆಗೆ ಉಂಟು, ಕೋಲಕ್ಕೆ ಉಂಟು. ಕದ್ರಿ ಗೋಪಾಲನಾಥರು ನಮ್ಮ ಜಿಲ್ಲೆಯವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಮನಸ್ಸು ಕೊಟ್ಟು, ಕೀಲಿಗಳ ವಾದ್ಯದಲ್ಲಿ ಗಮಕ ಬಾರದು ಅಂದವರ ಬಾಯಿ ಮುಚ್ಚಿಸಿದವರು. ಅವರದ್ದು ಆಲ್ಟೊ. ಟೆನರ್ ಅದರ ಅಣ್ಣ. ಕೊಳವೆ ದೊಡ್ಡದು, ದನಿ ಗಂಡಸಿನ ಗಂಟಲಿಗೆ ಹತ್ತಿರ. ಬಿಇ ಮುಗಿಸಿ ಬೆಂಗಳೂರಿಗೆ ಬಂದಮೇಲೆ ಒಂದು ರಾತ್ರಿ ಪೀಜಿಯಲ್ಲಿ ಬೆನ್ ವೆಬ್‌ಸ್ಟರ್ ಊದಿದ ಬ್ಯಾಲಡ್ ಒಂದನ್ನು ಮೊದಲ ಸಲ ಕೇಳಿದಾಗ ನನಗೆ ಅನ್ನಿಸಿದ್ದು ಇಷ್ಟೆ: ಈ ಮನುಷ್ಯ ವಾದ್ಯ ಊದ್ತಾ ಇಲ್ಲ, ಪಕ್ಕದಲ್ಲಿ ಕೂತು ಏನನ್ನೋ ಹೇಳೋಕೆ ಹೊರಟು ತಡೀತಾ ಇದ್ದಾನೆ.

ಬ್ಯಾಲಡ್ ಅಂದ್ರೆ ಜಾಝಿನಲ್ಲಿ ನಿಧಾನ ಗತಿಯ ಹಾಡು. ಹಲವು ಅಮೆರಿಕದ ಹಳೆಯ ನಾಟಕ, ಸಿನಿಮಾಗಳಿಗೆ ಬರೆದ ಪ್ರೇಮದ, ವಿರಹದ ಹಾಡುಗಳು. ಅದನ್ನು ಊದೋದು ಯಾಕೆ ಕಷ್ಟ ಅನ್ನೋದಕ್ಕೆ ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಸಾಮಾನ್ಯ ಹಾಡಿಗೆ 32 ಬಾರ್, ಬಾರಿಗೆ 4 ಎಣಿಕೆ, ಒಟ್ಟು 128 ಎಣಿಕೆ. ನಿಮಿಷಕ್ಕೆ 240 ಎಣಿಕೆಯ ವೇಗದಲ್ಲಿ ಊದಿದರೆ ಹಾಡಿನ ಒಂದು ಸುತ್ತು 32 ಸೆಕೆಂಡಿನಲ್ಲಿ ಮುಗಿಯುತ್ತೆ. 60ರಲ್ಲಿ ಊದಿದರೆ ಅದೇ ಸುತ್ತಿಗೆ 2 ನಿಮಿಷ 8 ಸೆಕೆಂಡು. ವೇಗದಲ್ಲಿ ಒಂದು ತಪ್ಪು ಸ್ವರ ಸೆಕೆಂಡಿನ ಎಂಟನೇ ಒಂದು ಭಾಗ ಇರುತ್ತೆ. ಕೇಳುಗ ಕಿವಿ ನಿಮಿರಿಸುವಷ್ಟರಲ್ಲಿ ನೀವು ಮುಂದಿನ ಬೀದಿಯಲ್ಲಿರ್ತೀರಿ. ಬ್ಯಾಲಡ್ಡಿನಲ್ಲಿ ಒಂದು ಸ್ವರವನ್ನು ನಾಲ್ಕು ಸೆಕೆಂಡು ಹಿಡಿದು ನಿಲ್ಲಿಸಬೇಕು. ನಾಲ್ಕು ಸೆಕೆಂಡು ಅಂದ್ರೆ ಎಷ್ಟು ಅಂತ ನೋಡಬೇಕಾದ್ರೆ ಮೀಟಿಂಗಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದಾಗ ನಾಲ್ಕು ಸೆಕೆಂಡು ಸುಮ್ಮನಿದ್ದು ನೋಡಿ.

ಆ ನಾಲ್ಕು ಸೆಕೆಂಡಿನಲ್ಲಿ ಎಲ್ಲವೂ ಬಯಲಾಗುತ್ತೆ. ಸ್ಯಾಕ್ಸೋಫೋನಿನಲ್ಲಿ ಗುಂಡಿ ಒತ್ತಿದ ಮಾತ್ರಕ್ಕೆ ಶ್ರುತಿ ಸರಿಯಾಗೋದಿಲ್ಲ. ಪ್ರತಿ ಸ್ವರಕ್ಕೂ ಅದರದ್ದೇ ಚಾಳಿ. ಕೆಲವು ಮೇಲಕ್ಕೆ ಏರ್ತವೆ, ಕೆಲವು ಕೆಳಕ್ಕೆ ಜಾರ್ತವೆ, ತುಟಿ ಮತ್ತು ಉಸಿರಿನಿಂದ ಅವನ್ನು ಹಾದಿಗೆ ತರಬೇಕು. ಟೆನರಿನ ತಳದ ಸ್ವರಗಳನ್ನು ಜೋರಾಗಿ ಊದೋದು ಅಷ್ಟೇನೂ ಕಷ್ಟವಲ್ಲ. ಮೆಲ್ಲಗೆ ಊದಿ ನೋಡಿ! ಒಂದೋ ದನಿ ಹೊರಡೋದೇ ಇಲ್ಲ, ಇಲ್ಲಾಂದ್ರೆ ಕತ್ತೆಯ ಹಾಗೆ ಒರಲಿ ಮೇಲಿನ ಸ್ಥಾಯಿಗೆ ಹಾರುತ್ತೆ. ಇದಕ್ಕೆ ಸಬ್‌ಟೋನ್ ಅಂತ ಒಂದು ಉಪಾಯ ಇದೆ. ಕೆಳದವಡೆಯನ್ನು ಸಡಿಲ ಬಿಟ್ಟು, ಕೆಳತುಟಿಯ ಮಾಂಸದಿಂದ ರೀಡನ್ನು ಸ್ವಲ್ಪ ತಡೆದು, ಹೊಟ್ಟೆಯಿಂದ ಗಾಳಿಯನ್ನು ಮಾತ್ರ ಕಡಿಮೆ ಮಾಡದೆ ಕೊಡೋದು. ಆಗ ದನಿಯ ಅಂಚು ಕರಗಿ, ಉಸಿರು ಮತ್ತು ಸ್ವರ ಎರಡೂ ಒಟ್ಟಿಗೆ ಕೇಳುತ್ತವೆ. ಹೇಳೋಕೆ ಒಂದು ಸಾಲು. ನನಗೆ ಕೆಳಗಿನ ಸಿ ಒಂದನ್ನು ಹೀಗೆ ಊದೋಕೆ ಎಂಟು ತಿಂಗಳು ಹಿಡಿಯಿತು. ಪಕ್ಕದ ಫ್ಲ್ಯಾಟಿನವರು ಎಷ್ಟು ಒಳ್ಳೆಯವರು ಅಂತ ನನಗೆ ಗೊತ್ತಾಗಿದ್ದು ಆ ಎಂಟು ತಿಂಗಳಲ್ಲೇ.

ಹೀಗಾಗಿ ಕಲಿಯುವವರಲ್ಲಿ ಬಹಳ ಮಂದಿ ಮಾಡೋದೇನು? ಓಡ್ತಾರೆ. ಹಾಡು ನಿಧಾನವಾಗಿಯೇ ಇರುತ್ತೆ, ಇವರು ಮಾತ್ರ ಅದರೊಳಗೆ ದುಪ್ಪಟ್ಟು ವೇಗದಲ್ಲಿ ಮೇಲಕ್ಕೂ ಕೆಳಕ್ಕೂ ಹತ್ತಿಳೀತಾರೆ. ಖಾಲಿ ಜಾಗ ಕಂಡಲ್ಲೆಲ್ಲ ಸ್ವರ ತುಂಬ್ತಾರೆ. ಕ್ಲೈಂಟ್ ಡೆಮೋದಲ್ಲಿ ಬಗ್ ಇರೋ ಸ್ಕ್ರೀನು ಬಂದಾಗ ನಾವು ಬೇಗ ಬೇಗ ಮುಂದಿನದಕ್ಕೆ ಹೋಗ್ತೀವಲ್ಲ, ಥೇಟ್ ಹಾಗೆ. ಜನ ಚಪ್ಪಾಳೆ ತಟ್ತಾರೆ. ವಿಡಿಯೋ ಹಾಕಿದ್ರೆ ಲೈಕು ಬೀಳ್ತವೆ. ಬೆರಳು ಓಡೋದು ಕಣ್ಣಿಗೆ ಕಾಣುತ್ತೆ, ಉಸಿರು ನಿಲ್ಲೋದು ಕಾಣೋದಿಲ್ಲ.

ವೇಗ ಬಾರದವರು ನಿಧಾನದ ಬಗ್ಗೆ ಉಪದೇಶ ಮಾಡ್ತಾರೆ ಅಂತ ನೀವು ಹೇಳಬಹುದು. ನನ್ನ ವಿಷಯದಲ್ಲಿ ಅದು ನಿಜ ಇರಬಹುದು. ಜಾನ್ ಕೋಲ್ಟ್ರೇನ್ ವಿಷಯದಲ್ಲಿ ಹೇಳಿ ನೋಡೋಣ. 1959ರಲ್ಲಿ 'ಜೈಂಟ್ ಸ್ಟೆಪ್ಸ್' ರೆಕಾರ್ಡ್ ಮಾಡಿದ ಮನುಷ್ಯ ಅವರು. ಅದರ ವೇಗ, ಅದರ ತಿರುವುಗಳು ಇವತ್ತಿಗೂ ಟೆನರ್ ಹಿಡಿದವರಿಗೆ ಪರೀಕ್ಷೆಯ ಪೇಪರು. ಅದೇ ಆಲ್ಬಮ್ಮಿನಲ್ಲಿ ಹೆಂಡತಿಯ ಹೆಸರಿಟ್ಟ 'ನೈಮಾ' ಅನ್ನೋ ನಿಧಾನದ ರಚನೆಯೂ ಇದೆ, ಅದರಲ್ಲಿ ಅವರ ಸೋಲೋ ಅನ್ನೋದೇ ಇಲ್ಲ ಅನ್ನಬಹುದು. ರಾಗವನ್ನೇ ಊದಿ ಕೆಳಗಿಡ್ತಾರೆ. 1962ರಲ್ಲಿ ಡ್ಯೂಕ್ ಎಲಿಂಗ್ಟನ್ ಜೊತೆ ಕೂತು, ಎಲಿಂಗ್ಟನ್ 1935ರಲ್ಲಿ ರಚಿಸಿದ್ದ 'ಇನ್ ಎ ಸೆಂಟಿಮೆಂಟಲ್ ಮೂಡ್' ಊದಿದಾಗಲೂ ಅಷ್ಟೆ. ಬೆರಳಲ್ಲಿ ಅಷ್ಟೊಂದು ಇಟ್ಟುಕೊಂಡ ಮನುಷ್ಯ ಅದನ್ನೆಲ್ಲ ಜೇಬಲ್ಲೇ ಇಟ್ಟು, ಹಾಡನ್ನು ಹೆಚ್ಚುಕಮ್ಮಿ ಇದ್ದ ಹಾಗೇ ಊದ್ತಾರೆ.

ಇನ್ನೊಂದು ಪುರಾವೆ ಬೇಕಾ? 1956ರ ಸೆಪ್ಟೆಂಬರಿನಲ್ಲಿ ಪಿಯಾನೋ ವಾದಕ ಆರ್ಟ್ ಟೇಟಮ್ ಜೊತೆ ಬೆನ್ ವೆಬ್‌ಸ್ಟರ್ ಮಾಡಿದ ರೆಕಾರ್ಡಿಂಗ್ ಕೇಳಿ. ಟೇಟಮ್ ಎರಡು ತಿಂಗಳೊಳಗೆ ತೀರಿಕೊಂಡರು. ಅವರ ಪಿಯಾನೋ ಆಷಾಢದ ನೇತ್ರಾವತಿ. ದಡ ಅನ್ನೋದೇ ಇಲ್ಲ. ಅದರ ಎದುರು ಬೇರೆ ಯಾರಾದರೂ ಆಗಿದ್ದರೆ ತಾವೂ ಪೈಪೋಟಿಗೆ ಬಿದ್ದು ಕೊಚ್ಚಿಹೋಗ್ತಿದ್ದರು. ವೆಬ್‌ಸ್ಟರ್ ಹಾಡಿನ ರಾಗವನ್ನೇ ಹಿಡಿದು, ಒಂದೊಂದೇ ಸ್ವರ ಇಟ್ಟು ಆ ನೆರೆಯನ್ನು ದಾಟ್ತಾರೆ. ಅವರಿಗೆ ವೇಗ ಬರ್ತಿರಲಿಲ್ಲವಾ? 1940ರಲ್ಲಿ ಎಲಿಂಗ್ಟನ್ ತಂಡದಲ್ಲಿ 'ಕಾಟನ್ ಟೇಲ್' ಅನ್ನೋ ರಚನೆಯಲ್ಲಿ ಬೆಂಕಿ ಹಾರಿಸಿದವರು ಅವರೇ. ಬ್ಯಾಲಡ್ಡಿನ ಕೊನೆಯ ಸ್ವರಕ್ಕೆ ಬಂದಾಗ ಮಾತ್ರ ಅವರ ವಾದ್ಯದಿಂದ ಸ್ವರ ಹೋಗಿ ಬರೀ ಗಾಳಿ ಉಳಿಯುತ್ತೆ. ಆ ಗಾಳಿಯೂ ಶ್ರುತಿಯಲ್ಲಿದೆಯೇನೋ ಅನ್ನಿಸುತ್ತೆ.

ಮೂರನೆಯದು ಬ್ಯಾಲಡ್ ಅಲ್ಲ, ನಿಧಾನದ ಬ್ಲೂಸ್. ಆದರೂ ಹೇಳಲೇಬೇಕು. 1957ರ ಡಿಸೆಂಬರಿನಲ್ಲಿ ಅಮೆರಿಕದ ಟಿವಿಯಲ್ಲಿ ಬಿಲ್ಲಿ ಹಾಲಿಡೇ 'ಫೈನ್ ಅಂಡ್ ಮೆಲ್ಲೋ' ಹಾಡಿದರು. ಸುತ್ತ ವೆಬ್‌ಸ್ಟರ್, ಕೋಲ್‌ಮನ್ ಹಾಕಿನ್ಸ್, ಲೆಸ್ಟರ್ ಯಂಗ್. ಒಂದೇ ಕೋಣೆಯಲ್ಲಿ ಟೆನರಿನ ಮೂರು ದಿಗ್ಗಜರು. ಯಂಗ್ ಆಗ ಆರೋಗ್ಯ ಕೆಟ್ಟು ಸೋತುಹೋಗಿದ್ದರು. ತಮ್ಮ ಸರದಿ ಬಂದಾಗ ಎದ್ದು ನಿಂತು ಬರೀ 12 ಬಾರ್ ಊದಿದರು, ಒಂದು ನಿಮಿಷವೂ ಇಲ್ಲ. ಇದ್ದ ಕೆಲವೇ ಸ್ವರಗಳ ನಡುವೆ ಬೇಕಾದಷ್ಟು ಜಾಗ. ಕ್ಯಾಮೆರಾ ಹಾಲಿಡೇ ಮುಖದ ಮೇಲಿದೆ. ಆಕೆ ತಲೆಯಾಡಿಸ್ತಾ ಕೇಳ್ತಾರೆ, ಹಳೆಯ ಗೆಳೆಯ ಬಹಳ ದಿನದ ಮೇಲೆ ಸತ್ಯ ಹೇಳಿದಾಗ ಕೇಳೋ ಹಾಗೆ. 1959ರಲ್ಲಿ ಮಾರ್ಚಿನಲ್ಲಿ ಯಂಗ್ ಹೋದರು, ಜುಲೈನಲ್ಲಿ ಹಾಲಿಡೇ. ಆ ವಿಡಿಯೋ ನೋಡಿ, ಆಮೇಲೆ ಬಂದು ನನಗೆ ಹೇಳಿ, ಇದು ಡಿನ್ನರಿಗೆ ಹಾಕೋ ಸಂಗೀತ ಅಂತ.

ಈ ಯಂಗ್ ಒಂದು ಮಾತನ್ನು ಪಟ್ಟು ಹಿಡಿದು ಹೇಳ್ತಿದ್ದರಂತೆ: ಹಾಡಿನ ಸಾಹಿತ್ಯ ಗೊತ್ತಿಲ್ಲದೆ ಅದನ್ನು ಊದಬೇಡಿ. ಅವರ ಹಾದಿಯಲ್ಲೇ ಬಂದ ಡೆಕ್ಸ್‌ಟರ್ ಗಾರ್ಡನ್ ಬ್ಯಾಲಡ್ ಶುರು ಮಾಡೋ ಮೊದಲು ಮೈಕಿನ ಮುಂದೆ ಹಾಡಿನ ಸಾಲುಗಳನ್ನು ಮಾತಿನಂತೆ ಹೇಳಿ ಆಮೇಲೆ ಊದ್ತಿದ್ದರು. ವಾದ್ಯಕ್ಕೆ ಪದ ಇಲ್ಲ, ಆದರೆ ಊದುವವನ ಬಾಯೊಳಗೆ ಪದ ಇರಬೇಕು. ಎಲ್ಲಿ ಉಸಿರು ತೆಗೆಯಬೇಕು, ಯಾವ ಸ್ವರಕ್ಕೆ ಭಾರ ಕೊಡಬೇಕು ಅನ್ನೋದನ್ನ ಆ ಪದವೇ ತೀರ್ಮಾನಿಸುತ್ತೆ.

ಇದನ್ನೆಲ್ಲ ಓದಿಕೊಂಡಿದ್ದ ನಾನು ಆ ಬೀಳ್ಕೊಡುಗೆಯಲ್ಲಿ ಏನು ಮಾಡಿದೆ ಗೊತ್ತಾ?

'ಇನ್ ಎ ಸೆಂಟಿಮೆಂಟಲ್ ಮೂಡ್' ಎತ್ತಿಕೊಂಡೆ. ಮೊದಲ ಸಾಲು ಸರಿಯಾಗೇ ಬಂತು. ಅಷ್ಟರಲ್ಲಿ ಹಿಂದಿನ ಟೇಬಲ್ಲಿನಲ್ಲಿ ಯಾರೋ ನಕ್ಕರು, ಪ್ಲೇಟಿನ ಸದ್ದು, ಯಾರದೋ ಫೋನು. ನನಗೆ ದಿಗಿಲಾಯಿತು. ಸ್ವರ ಹಿಡಿದು ನಿಲ್ಲೋ ಧೈರ್ಯ ಹೋಯಿತು. ಓಡೋಕೆ ಶುರು ಮಾಡಿದೆ. ಕಲಿತ ಸ್ಕೇಲುಗಳನ್ನೆಲ್ಲ ಸುರಿದೆ. ಮಾತಾಡ್ತಿದ್ದವರು ತಿರುಗಿ ನೋಡಿದರು, ಮೊಬೈಲು ಎತ್ತಿದರು, ಕೊನೆಗೆ ದೊಡ್ಡ ಚಪ್ಪಾಳೆ. ನಮ್ಮ ಹಿರಿಯರು ಹತ್ತಿರ ಬಂದು ಬೆನ್ನು ತಟ್ಟಿದರು. "ಚೆನ್ನಾಗಿ ಊದ್ತೀಯ ಕಣೋ. ಅಂದ್ಹಾಗೆ ಅದು ಯಾವ ಹಾಡು? ಗೊತ್ತಾಗ್ಲಿಲ್ಲ."

ಅವರು ಕೊಂಕು ಮಾತಾಡೋ ಜನ ಅಲ್ಲ. ನಿಜವಾಗಿಯೂ ಗೊತ್ತಾಗಿರಲಿಲ್ಲ. ಹನ್ನೊಂದು ವರ್ಷ ಕೂತ ಕುರ್ಚಿ ಬಿಟ್ಟು ಹೋಗ್ತಿರೋ ಮನುಷ್ಯನಿಗೆ ಏನೋ ಒಂದು ಹೇಳಬೇಕಿತ್ತು. ಬಾಯಲ್ಲಿ ಹೇಳೋಕೆ ನಮ್ಮಂಥವರಿಗೆ ಬರೋದಿಲ್ಲ, ಅದಕ್ಕೇ ವಾದ್ಯ ತಂದಿದ್ದೆ. ಹೇಳಬೇಕಾದ್ದು ಬಿಟ್ಟು ನನಗೆ ಏನೇನು ಬರುತ್ತೆ ಅನ್ನೋದನ್ನ ತೋರಿಸಿ ಬಂದೆ. ಮಾತಿಗೆ ಅಡ್ಡಿಯಾಗಬಾರದು ಅಂದವರನ್ನು ಬೈದು ಏನು ಪ್ರಯೋಜನ? ಹಾಡಿಗೆ ಮೊದಲು ಅಡ್ಡಿಯಾದವನು ನಾನೇ.

ಈಗ ಎದುರು ವಾದಕ್ಕೆ ಬರೋಣ. "ದುಡಿದು ಸುಸ್ತಾಗಿ ಬರ್ತೀವಿ, ನಮಗೆ ಹೇಗೆ ಬೇಕೋ ಹಾಗೆ ಕೇಳ್ತೀವಿ, ನಿನಗೇನು?" ಅಂತ ಗೆಳೆಯನೊಬ್ಬ ಕೇಳಿದ. ಸರಿ, ಕೇಳು. ಪಾತ್ರೆ ತೊಳೆಯುವಾಗ ವೆಬ್‌ಸ್ಟರ್ ಕೇಳಿದರೆ ಪಾಪ ಬರೋದಿಲ್ಲ, ನಾನೂ ಕೇಳ್ತೀನಿ. ಆದರೆ ಯಾವತ್ತೂ ಹಾಗೆ ಮಾತ್ರ ಕೇಳಿದರೆ, ಹಾಗೆ ಕೇಳೋಕೆ ಅಂತಲೇ ತಯಾರಾದ ಸಂಗೀತವೂ ವೆಬ್‌ಸ್ಟರೂ ಒಂದೇ ಅನ್ನಿಸೋಕೆ ಶುರುವಾಗುತ್ತೆ. ಆಗ ನಿನಗೂ ನಷ್ಟ, ಎಂಟು ತಿಂಗಳು ಒಂದೇ ಸ್ವರದ ಹಿಂದೆ ಬಿದ್ದವನಿಗೂ ನಷ್ಟ. ಇನ್ನೊಂದು ವಾದ: ನಿಧಾನ ಅಂದಮಾತ್ರಕ್ಕೆ ಎಲ್ಲವೂ ದೊಡ್ಡದಾ? ಖಂಡಿತಾ ಅಲ್ಲ. ಪ್ರತಿ ಸ್ವರಕ್ಕೂ ಒಂದೇ ಅಳತೆಯ ನಡುಕ ಹಾಕಿ, ಸಕ್ಕರೆ ಪಾಕದಲ್ಲಿ ಅದ್ದಿ ತೆಗೆಯೋ ನಿಧಾನವೂ ಉಂಟು. ಅದು ಓಡೋದಕ್ಕಿಂತ ದೊಡ್ಡ ಮೋಸ. ಮತ್ತೆ ನಾನು "ನಿಧಾನವೇ ಪ್ರಧಾನ" ಅಂತ ಬದುಕಿನ ಪಾಠ ಹೇಳೋಕೂ ಬಂದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಆ ಪಾಠ ನಮಗೆಲ್ಲ ದಿನಾ ಆಗ್ತಾ ಇದೆ. ನಾನು ಹೇಳ್ತಿರೋದು ಒಂದು ವಾದ್ಯದ ಬಗ್ಗೆ, ಅದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವನ್ನು ನಾವು ಎಲ್ಲಕ್ಕಿಂತ ಅಗ್ಗಕ್ಕೆ ಮಾರ್ತಿದ್ದೀವಿ ಅನ್ನೋದರ ಬಗ್ಗೆ.

ಅದಕ್ಕೆ ಎರಡು ಬೇಡಿಕೆ. ಕಾರ್ಯಕ್ರಮ ಮಾಡುವವರೇ, ಮಾತಿಗೆ ಹಿನ್ನೆಲೆ ಬೇಕಾದರೆ ಸ್ಪೀಕರ್ ಇದೆ, ಅದನ್ನು ಹಾಕಿ. ಮನುಷ್ಯನನ್ನು ನಿಲ್ಲಿಸಿ ಊದಿಸಿದರೆ ನಾಲ್ಕು ನಿಮಿಷ ಕಿವಿ ಕೊಡಿ, ಸಮೋಸ ಆಮೇಲೂ ಇರುತ್ತೆ. ಕಲಿಯುವವರೇ, ನಿಮ್ಮ ಮುಂದಿನ ವಿಡಿಯೋದಲ್ಲಿ ಒಂದು ಹಾಡನ್ನು, ಬರೀ ಹಾಡನ್ನು, ಮೊದಲಿನಿಂದ ಕೊನೆಯವರೆಗೆ ಏನೂ ಸೇರಿಸದೆ ಊದಿ ಹಾಕಿ. ಲೈಕು ಬೀಳದಿದ್ದರೆ ನನಗೆ ಕಳಿಸಿ, ನಾನು ಕೇಳ್ತೀನಿ.

ನಮ್ಮ ಹಿರಿಯರಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ಬರೋ ಭಾನುವಾರ ಮನೆಗೆ ಊಟಕ್ಕೆ ಕರೆದಿದ್ದಾರೆ, "ವಾದ್ಯ ತಗೊಂಡ್ ಬಾ" ಅಂದಿದ್ದಾರೆ. ಅದೇ ಹಾಡು ಊದ್ತೀನಿ ಅಂದೆ. ಊಟಕ್ಕೆ ಮೊದಲೇ, ಟಿವಿ ಆಫ್ ಮಾಡಿ ಅಂತಲೂ ಹೇಳಿದ್ದೀನಿ.