ಹತ್ತಿದವರ ಹೆಸರು

ಕುಮಟಾ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಪಕ್ಕದ ಮೇಜಿನ ಮಾತು ಕಿವಿಗೆ ಬಿತ್ತು. ಬೆಂಗಳೂರಿನ ಕಡೆಯ ಇಬ್ಬರು ಹುಡುಗರು ಯಾಣದ ಬಂಡೆಗಳನ್ನು ನೋಡಿಕೊಂಡು ಬಂದಿದ್ದರು. ಕಾಲ ಬಳಿ ಹಗ್ಗದ ಚೀಲವಿತ್ತು. ಎದುರಿಗೆ ಕೂತು ಚಾ ಕುಡಿಯುತ್ತಿದ್ದ ಹಿರಿಯರೊಬ್ಬರನ್ನು ಒಬ್ಬ ಹುಡುಗ ಕೇಳಿದ: "ಅಜ್ಜಾ, ಆ ದೊಡ್ಡ ಬಂಡೆನ ಮೊದಲು ಹತ್ತಿದೋರು ಯಾರು ಗೊತ್ತಾ?"

ಅಜ್ಜ ಲೋಟ ಕೆಳಗಿಟ್ಟರು. "ತಮಾ, ಅದು ದೇವ್ರ ಕಲ್ಲು. ಅದ್ರ ಮೇಲೆ ಹತ್ತೂಕೆ ಆಗ್ತದ್ಯಾ? ಸುತ್ತಲಿನ ಬಂಡೆ ಹತ್ತಿ ಜೇನು ತೆಗೆದವ್ರು ಇದ್ರು. ಅವ್ರ ಹೆಸ್ರು ಯಾರು ಬರ್ದಿಟ್ಟಾರು?"

ಮೊದಲ ಮಾತಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಯಾಣದ 120 ಮೀಟರಿನ ಭೈರವೇಶ್ವರ ಶಿಖರದ ಬುಡದಲ್ಲಿ ಶಿವಲಿಂಗವಿದೆ, ಅದರ ಮೇಲೆ ಬಂಡೆಯಿಂದಲೇ ನೀರು ತೊಟ್ಟಿಕ್ಕುತ್ತದೆ, ಶಿವರಾತ್ರಿಗೆ ಜನ ಸೇರುತ್ತಾರೆ. ಅಲ್ಲಿ ಡ್ರಿಲ್ ಹಿಡಿದು ಬೋಲ್ಟ್ ಹೊಡೆಯುವ ಯೋಚನೆ ಯಾರಿಗೂ ಬರಬಾರದು. ಪಕ್ಕದ 90 ಮೀಟರಿನ ಮೋಹಿನಿ ಶಿಖರಕ್ಕೂ ಇದೇ ಮಾತು. ಆದರೆ ಅಜ್ಜನ ಕೊನೆಯ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಬಂಡೆ ಹತ್ತುವವರ ಲೋಕದಲ್ಲಿ ದಾಖಲೆಯ ಹುಚ್ಚು ದೊಡ್ಡದು. ಬಂಡೆಯ ಮೈಮೇಲೆ ಹೊಸ ದಾರಿಯೊಂದನ್ನು ಹುಡುಕಿದವನು ಅದಕ್ಕೆ ಹೆಸರಿಡುತ್ತಾನೆ. ಯಾರು, ಯಾವಾಗ, ಎಲ್ಲಿಂದ ಶುರು, ಎಷ್ಟು ಪಿಚ್ (ಒಂದು ಹಗ್ಗದ ಅಳತೆಯ ಏರು), ಕಷ್ಟದ ಯಾವ ಗ್ರೇಡ್ ಎಂದು ಬರೆದಿಡುತ್ತಾನೆ. ಮಾಗಡಿಯ ಬಳಿಯ ಸಾವನದುರ್ಗದ ಬೋಳು ಬಂಡೆಯ ಮೇಲೆ 'ಬೆಳದಿಂಗಳು' ಎಂಬ ದಾರಿಯಿದೆ, 'ದೀಪಾವಳಿ' ಎಂಬ ದಾರಿಯಿದೆ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ 'ಗಣೇಶ' ಎಂಬ ದಾರಿ ದೇಶದ ಅತಿ ಕಷ್ಟದ ದಾರಿಗಳಲ್ಲಿ ಒಂದು. ಹಂಪಿಯ ಗುಂಡುಗಳ ಮೇಲಂತೂ ಹೊರದೇಶದವರು ಇಟ್ಟ ಹೆಸರುಗಳ ಸಂತೆಯೇ ಇದೆ.

ಈ ಹುಚ್ಚನ್ನು ನಾನು ಹಗುರಾಗಿ ನೋಡುವುದಿಲ್ಲ. ಬರೆಯದಿದ್ದರೆ ಏನಾಗುತ್ತದೆ, ತಪ್ಪಾಗಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ಆಲ್ಪ್ಸ್ ಪರ್ವತಗಳ ಮಾಂಟ್ ಬ್ಲಾಂಕ್ ಶಿಖರ ಸಾಕ್ಷಿ. 1786ರ ಆಗಸ್ಟ್ 8ರಂದು ಆ ಶಿಖರವನ್ನು ಮೊದಲು ಮುಟ್ಟಿದವರು ಇಬ್ಬರು: ಹರಳು ಹುಡುಕಿ ಮಾರುತ್ತಿದ್ದ ಬಾಲ್ಮಾ ಮತ್ತು ಬುಡದ ಊರಾದ ಶಾಮೋನಿಯ ವೈದ್ಯ ಪಕಾರ್. ಪಕಾರನ ಮೇಲೆ ಹೊಟ್ಟೆಕಿಚ್ಚಿದ್ದ ಬೂರಿ ಎಂಬ ಲೇಖಕ ಎಲ್ಲ ಕೀರ್ತಿಯನ್ನೂ ಬಾಲ್ಮಾನಿಗೆ ಕೊಟ್ಟು ಬರೆದ. 1887ರಲ್ಲಿ ಶಾಮೋನಿಯ ಚೌಕದಲ್ಲಿ ಪ್ರತಿಮೆ ನಿಂತಾಗ ಬಾಲ್ಮಾ ಇದ್ದ, ಶಿಖರದ ದಾರಿಗೆ ಬಹುಮಾನ ಘೋಷಿಸಿದ್ದ ವಿಜ್ಞಾನಿ ಸೊಸ್ಯೂರ್ ಇದ್ದ, ಪಕಾರ್ ಮಾತ್ರ ಇರಲಿಲ್ಲ. ಅವನ ಪ್ರತಿಮೆ ಎದ್ದದ್ದು 1986ರಲ್ಲಿ. ಒಬ್ಬನ ಲೇಖನಿ ಮಾಡಿದ ಅನ್ಯಾಯವನ್ನು ಸರಿಪಡಿಸಲು ಇನ್ನೂರು ವರ್ಷ ಹಿಡಿಯಿತು.

ಇಲ್ಲಿಂದ ನನ್ನ ಮನಸ್ಸು ಶಾಸನಗಳ ಕಡೆಗೆ ಹೋಗದೆ ಇರಲಾರದು, ಈ ಅಂಕಣ ಓದುವವರಿಗೆ ಅದು ಗೊತ್ತಿದೆ. ಬಾದಾಮಿಯ ಉತ್ತರದ ಬೆಟ್ಟದ ಕಡಿದಾದ ಬಂಡೆಯಲ್ಲಿ ಒಂದನೆಯ ಪುಲಕೇಶಿಯ ಶಾಸನವಿದೆ. ಶಕ ವರ್ಷ 465, ಅಂದರೆ ಕ್ರಿ.ಶ. 543. ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ರಾಜನ ಹೆಸರಿದೆ, ಕಾಲವಿದೆ. ಆ ಬಂಡೆಯ ಎದೆಗೆ ಉಳಿ ಸುತ್ತಿಗೆ ಹಿಡಿದು ಹೋದವನು ಹೇಗೆ ಹೋದ? ಮೇಲಿನಿಂದ ಹಗ್ಗ ಇಳಿಬಿಟ್ಟರೋ, ಕೆಳಗಿನಿಂದ ಅಟ್ಟ ಕಟ್ಟಿದರೋ? ಹಗ್ಗ ಹಿಡಿದವರು ಯಾರು? ಅದೇ ಊರಿನಲ್ಲಿ, ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನವೂ ಬಂಡೆಯ ಮೇಲೆಯೇ ಇದೆ. ನಮ್ಮ ತ್ರಿಪದಿಯ ಅತಿ ಹಳೆಯ ಸಾಲುಗಳು ಅಲ್ಲಿವೆ, ಅರಭಟ್ಟನ ಗುಣವಿದೆ, ಆದರೆ ಕವಿಯ ಹೆಸರಿಲ್ಲ. ಇಂದು ಬಾದಾಮಿಗೆ ಹಗ್ಗ ಹೊತ್ತು ಬರುವವರು ಹೊಸ ದಾರಿ ತೆರೆದೆವೆಂದು ಬರೆದುಕೊಳ್ಳುವಾಗ, ಸುಮಾರು ಹದಿನೈದು ಶತಮಾನದ ಹಿಂದೆ ಅದೇ ಕಲ್ಲಿಗೆ ಅಂಟಿಕೊಂಡು ಅಕ್ಷರ ಕಡೆದ ಕೈಗಳನ್ನು ಒಮ್ಮೆ ನೆನೆಯಬೇಕು ಎಂದು ನನಗೆ ಅನ್ನಿಸುತ್ತದೆ.

ನಮ್ಮವರು ಹೆಸರು ಬರೆಯದವರಲ್ಲ. ಹೊಯ್ಸಳರ ರೂವಾರಿ ಮಲ್ಲಿತಮ್ಮ ಸೋಮನಾಥಪುರವೂ ಸೇರಿದಂತೆ ಎಷ್ಟೋ ಗುಡಿಗಳಲ್ಲಿ ತನ್ನ ಹೆಸರು ಕೆತ್ತಿದ್ದಾನೆ. ಶ್ರವಣಬೆಳಗೊಳದ ಬಂಡೆಗಳ ಮೇಲೆ ಬಂದುಹೋದ ಯಾತ್ರಿಕರ ಹೆಸರುಗಳಿವೆ. ಭಟ್ಕಳದಲ್ಲಿ ವಿಜಯನಗರದ ಕಾಲದ ಗುಡಿಯೊಂದು ಇಂದಿಗೂ ಕೇತಪೈ ನಾರಾಯಣ ದೇವಸ್ಥಾನ; ಕಟ್ಟಿಸಿದವನ ಹೆಸರು ದೇವರ ಹೆಸರಿಗೆ ಅಂಟಿಕೊಂಡೇ ಉಳಿದಿದೆ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರ ಎಂಬ ವೀರ, ಗಂಗರ ಅರಸ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಂದಿಗೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಒಂದು ನಾಯಿಯ ಹೆಸರನ್ನು ಸಾವಿರ ವರ್ಷ ಕಾಪಾಡಿದ ನಾಡು ಇದು. ಸತ್ಯವಾದ ಪ್ರೀತಿ ಇದ್ದಲ್ಲಿ ಹೆಸರು ಉಳಿಯುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಹಾಗಿರುವಾಗ ಹತ್ತಿದವರ ಹೆಸರುಗಳು ಏಕಿಲ್ಲ?

ಒಂದು ಕಾರಣ, ಹತ್ತಿದವರು ಇನ್ನೊಬ್ಬರಿಗಾಗಿ ಹತ್ತಿದರು. 1856ರಲ್ಲಿ ಜೋಗದ ಆಳ ಅಳೆಯಲು ನೌಕಾಪಡೆಯ ಇಬ್ಬರು ಅಧಿಕಾರಿಗಳು ಬಂದರು. ಕಮರಿಗೆ ಅಡ್ಡಲಾಗಿ ಕೇಬಲ್ ಎಳೆಸಿ, ಅದರಲ್ಲಿ ತೂಗುವ ತೊಟ್ಟಿಲಿನಿಂದ ಗುಂಡು ಇಳಿಬಿಟ್ಟು, ಸುಮಾರು 830 ಅಡಿ ಎಂದು ಲೆಕ್ಕ ಕೊಟ್ಟರು. ಪುಸ್ತಕಗಳಲ್ಲಿ ಅಧಿಕಾರಿಗಳಿದ್ದಾರೆ, ಅಳತೆಯಿದೆ. ಒದ್ದೆ ಬಂಡೆಗಳ ಅಂಚಿನಲ್ಲಿ ಆ ಕೇಬಲನ್ನು ಹೊತ್ತು ಆಚೆಗೆ ಮುಟ್ಟಿಸಿದವರು ಇಲ್ಲ. ಇದಾದ ನಾಲ್ಕು ವರ್ಷಕ್ಕೆ, 1860ರಲ್ಲಿ, ಹಿಮಾಲಯದ ಸ್ಪಿತಿಯ ಶಿಲ್ಲಾ ಎಂಬ ಶಿಖರಕ್ಕೆ ಸರ್ವೆ ಇಲಾಖೆಯ ಖಲಾಸಿಯೊಬ್ಬ, ಅಂದರೆ ಕೂಲಿಯಾಳೊಬ್ಬ, ಅಳತೆಯ ಕಂಬ ಹೊತ್ತುಕೊಂಡು ಹೋಗಿ ನೆಟ್ಟ. ಅದು 23,000 ಅಡಿ ಮೀರಿದ ಶಿಖರವೆಂದೇ ಬಹುಕಾಲ ನಂಬಿದ್ದರು. ಆಮೇಲೆ 20,000 ಅಡಿಯ ಆಸುಪಾಸು ಎಂದಾಯಿತು. ಅಲ್ಲಿಯವರೆಗೆ ಪರ್ವತಾರೋಹಣದ ಇತಿಹಾಸದಲ್ಲಿ ತನ್ನ ಕಾಲಕ್ಕೆ ಜಗತ್ತಿನ ಅತಿ ಎತ್ತರಕ್ಕೆ ಹೋದ ಮನುಷ್ಯನೆಂದು ಅವನನ್ನು ಉಲ್ಲೇಖಿಸುತ್ತಿದ್ದರು. ಹೇಗೆ? 'ಒಬ್ಬ ಖಲಾಸಿ' ಎಂದು.

ನಮ್ಮ ಪತ್ರಿಕೆಗಳೂ ಇದನ್ನೇ ಮುಂದುವರಿಸಿವೆ, ಇದನ್ನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಘಟ್ಟದಲ್ಲಿ ಪ್ರವಾಸಿ ಜಾರಿಬಿದ್ದರೆ ಅವನ ಹೆಸರು, ವಯಸ್ಸು, ಕಂಪನಿ ಎಲ್ಲ ಅಚ್ಚಾಗುತ್ತದೆ. ಕಮರಿಗೆ ಇಳಿದು ಅವನನ್ನು ಬೆನ್ನ ಮೇಲೆ ಹೊತ್ತು ತಂದವರು 'ಸ್ಥಳೀಯರು'. ಇಳಿದವನಿಗೂ ತಂದೆತಾಯಿ ಇಟ್ಟ ಹೆಸರಿದೆ. ಸ್ಥಳಕ್ಕೆ ಹೋದ ವರದಿಗಾರ ಒಂದು ಮಾತು ಕೇಳಿದರೆ ಸಿಗುತ್ತದೆ. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ನಾಡಿಗೆಲ್ಲ ಪರಿಚಿತರಾದದ್ದು ಕ್ಯಾಮೆರಾಗಳಿಂದ. ಅವರ ವಿಷಯದಲ್ಲೂ ಸಾಹಸದ ವಿಡಿಯೊ ಸಿಗುತ್ತದೆ. ಯಾವ ಗೋಡೆ, ಯಾವ ಬಿರುಕು, ಯಾವ ವರ್ಷ ಎಂದು ಕೂತು ಬರೆದುಕೊಂಡ ಪುಸ್ತಕ ಇರಬೇಕಿತ್ತು.

ಇಷ್ಟು ಬರೆಯುವಾಗ ನನ್ನ ಪ್ರಶ್ನೆ 'ಮೊದಲು ಹತ್ತಿದವರು ಯಾರು' ಎಂಬುದೇ ಆಗಿತ್ತು. ಹೊನ್ನಾವರದ ಮೇಲ್ಭಾಗದ ಒಂದು ತೋಟಕ್ಕೆ ಹೋಗಿಬಂದ ಮೇಲೆ ಪ್ರಶ್ನೆ ಬದಲಾಯಿತು.

ಶರಾವತಿಯ ಕಡೆಗೆ ಇಳಿಯುವ ಅಡಿಕೆ ತೋಟ ಅದು. ಅಡಿಕೆ ಕೊನೆ ಕೊಯ್ಯುವ ಕಸುಬಿನ ವಯಸ್ಸಾದ ಕೊನೆಗೌಡರೊಬ್ಬರು ಕೆಳಗೆ ಕೂತು, ಮೇಲಿದ್ದ ಮಗನ ಕೆಲಸ ನೋಡುತ್ತಿದ್ದರು. ಮಗನ ಕಾಲಿಗೆ ಹತ್ತಲು ಕಟ್ಟುವ ತಳೆ, ಸೊಂಟದಲ್ಲಿ ಕತ್ತಿ. ಮರದ ತುದಿಯಲ್ಲಿ ಕೊನೆ ಕೊಯ್ದು ಹಗ್ಗದಲ್ಲಿ ಜಾರಿಬಿಟ್ಟ ಮಗ ಕೆಳಗಿಳಿಯಲಿಲ್ಲ. ಮೈಯನ್ನು ಹಿಂದಕ್ಕೆ ಮುಂದಕ್ಕೆ ತೂಗಿದ. ಮರ ಬಾಗಿತು. ಪಕ್ಕದ ಮರವನ್ನು ಕೊಕ್ಕೆಯಿಂದ ಎಳೆದುಕೊಂಡು, ಒಂದು ಕೈ ಅಲ್ಲಿ ಒಂದು ಕಾಲು ಇಲ್ಲಿ ಇದ್ದ ಆ ಕ್ಷಣ ದಾಟಿ, ಆಚೆ ಮರದವನಾದ. ಬಿಟ್ಟ ಮರ ಸೆಟೆದು ನೆಟ್ಟಗಾಗಿ ಒಂದಷ್ಟು ಹೊತ್ತು ತೂಗುತ್ತಲೇ ಇತ್ತು.

"ಸಾಲು ಕೆಳಗೇ ನಿಂತು ನೋಡ್ಕಳ್ಬೇಕು" ಎಂದರು ಅವರು. ಯಾವ ಮರದಿಂದ ಶುರು ಮಾಡಿದರೆ ಇಳಿಯದೆ ಸಾಲು ಮುಗಿಯುತ್ತದೆ, ಯಾವ ಮರ ಬಾಗುತ್ತದೆ, ಯಾವುದು ಬಾಗಿದರೆ ಮುರಿಯುತ್ತದೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಪಾಚಿ ಹಿಡಿದ ಕಾಂಡ ಎಲ್ಲಿ ಜಾರುತ್ತದೆ. ಕೇಳುತ್ತ ಕೂತ ನನಗೆ ಇದು ಸಾವನದುರ್ಗದವರು ಬರೆದಿಡುವ ದಾರಿಯ ವಿವರಕ್ಕಿಂತ ಒಂದು ಕೂದಲೂ ಕಡಿಮೆಯೆನಿಸಲಿಲ್ಲ. ಕೆಳಗೆ ನಿಂತು ಕಣ್ಣಲ್ಲೇ ಹತ್ತಿ ಮುಗಿಸುವ ವಿದ್ಯೆ ಎರಡಕ್ಕೂ ಒಂದೇ.

ಚಿಕ್ಕವರಿದ್ದಾಗ ಅವರು ಬಂಡೆಯ ಹೆಜ್ಜೇನನ್ನೂ ತೆಗೆದವರು. ರಾತ್ರಿ ಸೂಡಿಯ ಹೊಗೆ ಕೊಟ್ಟು ಹುಳ ಎಬ್ಬಿಸಿದ್ದು, ಮೇಲಿನ ಮರಕ್ಕೆ ಹಗ್ಗ ಕಟ್ಟಿ ಅದರ ಬಳಿ ನಂಬುಗೆಯ ಒಬ್ಬನನ್ನು ಕೂರಿಸುತ್ತಿದ್ದದ್ದು, ಎಲ್ಲ ಹೇಳಿದರು. ಯಾವ ಬಂಡೆ ಎಂದು ಕೇಳಿದೆ. ತಲೆಯಾಡಿಸಿಬಿಟ್ಟರು. "ಹೆಂಗೆ ಹತ್ತಿದ್ದೆ ಹೇಳ್ತೆ. ಎಲ್ಲಿ ಹತ್ತಿದ್ದೆ ಹೇಳೂದಿಲ್ಲ."

ದಾಖಲೆಯ ಬಗ್ಗೆ ನಾನು ಓದಿದ್ದೆಲ್ಲ ಆ ಒಂದು ಮಾತಿನ ಮುಂದೆ ಮಗ್ಗುಲು ಬದಲಿಸಿತು. ಪರ್ವತಾರೋಹಿಗೆ ಹೊಸ ದಾರಿಯೆಂದರೆ ಎಲ್ಲರಿಗೂ ಹೇಳಬೇಕಾದದ್ದು. ಹೇಳಿದಾಗಲೇ ಅದು ಅವನದಾಗುತ್ತದೆ. ಜೇನಿನವನಿಗೆ ದಾರಿಯೆಂದರೆ ಮನೆಯ ಆಸ್ತಿ. ಹೇಳಿದ ದಿನವೇ ಅದು ಕೈತಪ್ಪುತ್ತದೆ. ಮುಂದಿನ ವರ್ಷ ಯಾರೋ ಬಂದು ಬೆಂಕಿ ಹಚ್ಚಿ ಹುಳವನ್ನೇ ಸುಟ್ಟು ಹೋಗಬಹುದು, ಆಮೇಲೆ ಆ ಬಂಡೆಗೆ ಹೆಜ್ಜೇನು ಬಾರದೆಯೂ ಇರಬಹುದು. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಜೇನಿನ ಮಂದಣ್ಣ ನೆನಪಿರುತ್ತಾನೆ. ಅವನ ತಿಳಿವಳಿಕೆಯ ಬೆಲೆ ವಿಜ್ಞಾನಿಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಮಂದಣ್ಣನಂಥವನ ಬಳಿ ಬರೆಯುವ ಪುಸ್ತಕ ಹಿಡಿದು ಹೋಗುವವರು ಮೊದಲು ಕೇಳಬೇಕಾದದ್ದು ಅವನಿಗೆ ಏನು ಗೊತ್ತು ಎಂಬುದನ್ನಲ್ಲ, ಯಾವುದನ್ನು ಬರೆಯಬಹುದು ಎಂಬುದನ್ನು.

ಹೀಗೆಂದು ಬರೆಯದೆ ಕೂರುವುದಕ್ಕೂ ನಾನು ಒಪ್ಪುವುದಿಲ್ಲ, ಹೊತ್ತು ಮೀರುತ್ತಿದೆ. ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ, ಮದ್ದೂ ಹೊಡೆಯುತ್ತಾರೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಮನೆಗಳನ್ನು ನೋಡಿದವರು ಯಾರೂ ದೋಟಿಯನ್ನು ದೂರಲಾರರು. ಆದರೆ ಮರದಿಂದ ಮರಕ್ಕೆ ದಾಟುವ ಕೊನೆಯ ತಲೆಮಾರು ಇದು. ತೆಂಗಿನ ಮರದಲ್ಲಿ ಕಚ್ಚು ಕಡಿದು ಹತ್ತಿ ಕಳ್ಳು ಇಳಿಸುತ್ತಿದ್ದ ಹಳೇಪೈಕರ ವಿದ್ಯೆ ಭಟ್ಕಳ, ಹೊನ್ನಾವರಗಳಲ್ಲಿ ಈಗಾಗಲೇ ಮುದುಕರ ಮಾತಾಗಿದೆ. 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಅವರ ಜಾತಿಯಿದೆ, ಕಸುಬಿದೆ. ಮರ ಹತ್ತಿದ ಮನುಷ್ಯನನ್ನು ಅಲ್ಲಿ ಹುಡುಕಬೇಡಿ.

ಕೆಲಸ ಹೇಗೆ ಮಾಡಬೇಕೆಂದು ತೋರಿಸಿಕೊಟ್ಟವರು ಇದ್ದಾರೆ. ಅಮೆರಿಕದ ಪತ್ರಕರ್ತೆ ಎಲಿಜಬೆತ್ ಹಾಲಿ 1960ರಲ್ಲಿ ಕಠ್ಮಂಡುವಿಗೆ ಬಂದು ನೆಲೆಸಿದರು, 2018ರಲ್ಲಿ ಅಲ್ಲೇ ತೀರಿಕೊಂಡರು. ಒಂದು ಶಿಖರವನ್ನೂ ಹತ್ತಿದವರಲ್ಲ. ತಂಡಗಳು ಬಂದಿಳಿದ ಹೋಟೆಲಿಗೇ ಹೋಗಿ ಯಾವ ದಾರಿ, ಯಾರು ತುದಿ ಮುಟ್ಟಿದರು, ಯಾವ ದಿನ ಎಂದು ಕೇಳಿ ಬರೆದುಕೊಂಡರು. ನೇಪಾಳದ ಹಿಮಾಲಯದ ಆರೋಹಣಗಳ ದೊಡ್ಡ ದಾಖಲೆ ಇಂದು ಅದೇ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕುಮಟೆಯ ಎಲ್. ಆರ್. ಹೆಗಡೆ, ಹೊನ್ನಾವರದ ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ಇದೇ ಕೇರಿಗಳಲ್ಲಿ, ಇದೇ ಗದ್ದೆಯ ಅಂಚುಗಳಲ್ಲಿ ತಿರುಗಿ ಜನರ ಬಾಯಲ್ಲಿದ್ದ ಪದಗಳನ್ನೂ ಕತೆಗಳನ್ನೂ ಪುಸ್ತಕಕ್ಕೆ ಇಳಿಸಿದರು. ಹಾಡಿಗೆ ಆದದ್ದು ಹತ್ತುವ ವಿದ್ಯೆಗೂ ಆಗಬೇಕು.

ಕುಮಟಾ, ಹೊನ್ನಾವರ, ಭಟ್ಕಳ, ಈ ಮೂರೂ ತಾಲ್ಲೂಕುಗಳ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ. ಈ ಸಲದ ಕೊನೆ ಕೊಯ್ಲು ಶುರುವಾಗುವ ಮೊದಲು ನಿಮ್ಮ ವಿದ್ಯಾರ್ಥಿಗಳನ್ನು ಕಳಿಸಿ. ಅವರಲ್ಲಿ ಅನೇಕರ ಅಜ್ಜಂದಿರೇ ಹತ್ತಿದವರು. ಪೂರ್ತಿ ಹೆಸರು, ಊರು, ಹತ್ತಲು ಕಲಿಸಿದವರ ಹೆಸರು, ಹಗ್ಗ ಕಟ್ಟುವ ಬಗೆ, ಬಿದ್ದದ್ದು, ಬದುಕಿದ್ದು, ಎಲ್ಲವನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಹೆಜ್ಜೇನಿನ ಬಂಡೆ ಎಲ್ಲಿದೆ ಎಂದು ಬರೆಯುವುದು ಬೇಡ. ಬರೆದ ಮೇಲೆ ಮೊದಲು ಅವರಿಗೇ ಓದಿ ಹೇಳಲಿ. ಬೇಡ ಎಂದ ಸಾಲನ್ನು ಹೊಡೆದುಹಾಕಿ, ಉಳಿದದ್ದನ್ನು ಅವರ ಹೆಸರಿನಲ್ಲೇ ಅಚ್ಚು ಹಾಕಿಸಿ.