ಕವರಿನ ಮೇಲಿನ ಒತ್ತಕ್ಷರ

ಹೋದ ಸಲ ಈ ಅಂಕಣದಲ್ಲಿ ಎಳ್ಳು ಹೋಳಿಗೆಯ ವಿಷಯ ಬರೆದಿದ್ದೆ. ಸಂಕ್ರಾಂತಿ ಕಾರ್ಯಕ್ರಮದ ದಿನ ಸಂಘದ ಮೆಟ್ಟಿಲ ಮೇಲೆ ಹುಡುಗಿಯೊಬ್ಬಳು ನನ್ನನ್ನು ತಡೆದು ನಿಲ್ಲಿಸಿ, "ಆಂಟಿ, ಅಡಿಗೆ ಸಾಕು, ಒಮ್ಮೆಯಾದರೂ ನಮ್ಮ ವಿಷಯ ಬರೆಯಿರಿ" ಎಂದಳು. ನಿಮ್ಮ ವಿಷಯ ನನಗೇನು ತಿಳಿಯುತ್ತದಮ್ಮಾ ಎಂದು ನಕ್ಕು ಡೊಂಬಿವಲಿಗೆ ಮರಳಿದೆ. ಬಂದು ನೋಡಿದರೆ ನಿಮ್ಮ ವಿಷಯವೇ ನನ್ನ ಅಡಿಗೆಮನೆಯಲ್ಲಿ ಕೂತಿತ್ತು. ಮಗ, ಅವನ ಮೂವರು ಗೆಳೆಯರು, ಅವರ ಬ್ಯಾಂಡು.

ಬ್ಯಾಂಡಿನ ಹೆಸರು ಬರೆಯುವುದಿಲ್ಲ. ಮಗನ ಜಾಹೀರಾತು ಮಾಡಿದಳು ಎಂದು ಸಂಪಾದಕರು ಬಯ್ದಾರು. ಗಿಟಾರಿನವ ಮರಾಠಿ, ನನ್ನನ್ನು ಕಾಕೂ ಎನ್ನುತ್ತಾನೆ. ಡ್ರಮ್ಮಿನವ ತಮಿಳರ ಹುಡುಗ. ಬೇಸ್ ಗಿಟಾರು ಹಿಡಿಯುವವ ಮಲಯಾಳಿ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದೂ ಅವನ ಕೆಲಸವೇ. ಹಾಡುವವನು ನನ್ನ ಮಗ. ಐದು ಹಾಡುಗಳಲ್ಲಿ ನಾಲ್ಕು ಇಂಗ್ಲಿಷಿನವು, ಐದನೆಯದು ಶಿಶುನಾಳ ಶರೀಫರ ಒಂದು ತತ್ತ್ವಪದ. ಧಾರವಾಡದ ನನ್ನ ತವರಿನಲ್ಲಿ ಅಪ್ಪ ಹಾಡುತ್ತಿದ್ದುದನ್ನು ಮಗ ಕಿವಿಯಿಂದಲೇ ಕಲಿತದ್ದು. ಧಾಟಿ ಮಾತ್ರ ಇವರದೇ.

ಇಂಡಿ ಎಂದರೇನು ಎಂದು ಕೇಳಿದ್ದಕ್ಕೆ ಮಗ ಹೇಳಿದ್ದು ಇಷ್ಟು: ಹಣ ಹಾಕುವ ಕಂಪನಿ ಹಿಂದೆ ಇಲ್ಲ, ಎಲ್ಲ ಖರ್ಚೂ ತಮ್ಮದೇ. ನಾಲ್ವರೂ ಸೇರಿ ಕೂಡಿಸಿದ್ದು 60 ಸಾವಿರ. ಹಾಡುಗಳ ಧ್ವನಿಮುದ್ರಣಕ್ಕೇ 40 ಹೋಗಿತ್ತು. ಉಳಿದ 20ರಲ್ಲಿ ವಿಡಿಯೋ ಆಗಬೇಕು, ಕವರೂ ಆಗಬೇಕು.

"ಅವ್ವಾ, ಎರಡು ದಿನ ನಿನ್ನ ಅಡಿಗಿಮನಿ ಬೇಕು. ವಿಡಿಯೋ ತಗೀತೀವಿ."

"ಮತ್ತ ನಾ ಎಲ್ಲಿ ಅಡಿಗಿ ಮಾಡ್ಲಿ?"

"ಅಲ್ಲೇ ಮಾಡು. ನೀನೂ ವಿಡಿಯೋದಾಗ ಇರ್ತಿ."

ನನ್ನನ್ನು ಒಪ್ಪಿಸಲು ಅವನು ತೋರಿಸಿದ್ದು ಅಮೆರಿಕದ ಓಕೆ ಗೋ ಎಂಬ ಬ್ಯಾಂಡಿನ ವಿಡಿಯೋ. ನೀವು ನೋಡಿರುತ್ತೀರಿ, ನಾನು ನೋಡಿರಲಿಲ್ಲ. 2006ರದು. ನಾಲ್ಕು ಜನ, ವ್ಯಾಯಾಮದ ಟ್ರೆಡ್‌ಮಿಲ್ಲುಗಳು ಎಂಟು. ಓಡುವ ಪಟ್ಟಿಯ ಮೇಲೆ ಹತ್ತಿ ಇಳಿದು ಜಾರಿ ಕುಣಿಯುತ್ತಾರೆ. ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ, ನಡುವೆ ಒಂದೂ ಕತ್ತರಿ ಇಲ್ಲ. ಕುಣಿತ ಕಲಿಸಿದವಳು ಹಾಡುಗಾರ ಡೇಮಿಯನ್ ಕುಲಾಶನ ಅಕ್ಕ ಟ್ರಿಶ್ ಸೀ, ಚಿತ್ರ ತೆಗೆದದ್ದೂ ಅವಳ ಮನೆಯಲ್ಲೇ. ಹದಿನೇಳು ಸಲ ಪ್ರಯತ್ನಪಟ್ಟ ಮೇಲೆ ಸರಿಬಂತಂತೆ. ಮರುವರ್ಷ ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅಕ್ಕನ ಮನೆಯಲ್ಲಿ ತೆಗೆದದ್ದಕ್ಕೆ ಗ್ರ್ಯಾಮಿ ಬರುವುದಾದರೆ ಅವ್ವನ ಅಡಿಗೆಮನೆ ಏನು ಕಡಿಮೆ? ಬಿ.ಎ.ಯಲ್ಲಿ ಶೇಕ್ಸ್‌ಪಿಯರ್ ಓದಿದವಳಿಗೆ ನಾಟಕದ ಆಸೆ ಒಳಗೊಳಗೇ ಇರುತ್ತದೆ, ಒಪ್ಪಿಕೊಂಡೆ.

ನನ್ನ ಪಾತ್ರ ಎಂದರೆ ಎರಡು ಕೈಗಳು ಮಾತ್ರ. ಪರಾತದಲ್ಲಿ ಜೋಳದ ರೊಟ್ಟಿ ಬಡಿದು ಹಂಚಿಗೆ ಹಾಕಬೇಕು. ನನ್ನ ಕೈಯಿಂದ ಹೊರಟ ಕ್ಯಾಮೆರಾ (ಅದು ಅವರ ಮೊಬೈಲೇ) ನಡುಮನೆ ದಾಟಿ, ಹುಡುಗರನ್ನೆಲ್ಲ ಸುತ್ತಿ, ತಿರುಗಿ ನನ್ನ ಹಂಚಿಗೇ ಬಂದು ನಿಲ್ಲಬೇಕು. ಎಲ್ಲ ಒಂದೇ ಉಸಿರಿನಲ್ಲಿ.

ಇದರೊಳಗೆ ಇನ್ನೊಂದು ಉಪಾಯ ಇತ್ತು, ಅದು ನನಗೆ ಬಹಳ ಹಿಡಿಸಿತು. ಚಿತ್ರ ತೆಗೆಯುವಾಗ ಧ್ವನಿ ಹಿಡಿಯುವುದಿಲ್ಲ. ಮೊದಲೇ ಮುದ್ರಿಸಿದ ಹಾಡನ್ನು ಸ್ಪೀಕರಿನಲ್ಲಿ ಹಚ್ಚಿ, ಅದಕ್ಕೆ ತುಟಿ ಆಡಿಸುವುದಷ್ಟೆ. ಇವರು ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಚ್ಚಿದರು. ಮೊಬೈಲು ಸೆಕೆಂಡಿಗೆ 60 ಚಿತ್ರ ತೆಗೆಯುವಂತೆ ಇಟ್ಟರು. ಆಮೇಲೆ ಅದನ್ನೇ ಸೆಕೆಂಡಿಗೆ 30ರಂತೆ ಓಡಿಸಿದರೆ ನಡಿಗೆ, ಹಾರುವ ಹಿಟ್ಟು, ಹಂಚಿನ ಮೇಲಿನ ಹಬೆ ಎಲ್ಲ ನಿಧಾನವಾಗಿ, ನೀರಿನೊಳಗೆ ನಡೆದಂತೆ ಕಾಣುತ್ತದೆ. ತುಟಿ ಮಾತ್ರ ನಿಜವಾದ ಹಾಡಿಗೆ ಸರಿಯಾಗಿ ಹೊಂದುತ್ತದೆ. ನಾಲ್ಕು ನಿಮಿಷದ ಹಾಡಿಗೆ ಎರಡೇ ನಿಮಿಷದ ಚಿತ್ರೀಕರಣ. ಆದರೆ ಆ ಎರಡು ನಿಮಿಷ ಶರೀಫರ ತತ್ತ್ವಪದ ಗುಬ್ಬಿ ಚಿಲಿಪಿಲಿಗುಟ್ಟಿದಂತೆ ಕೇಳುತ್ತದೆ! ಅದನ್ನು ಹಿಡಿಯಲು ಮಗ ಬಾಯಿ ಪಟಪಟನೆ ಬಡಿಯಬೇಕು, ನಾನು ರೊಟ್ಟಿ ಪಟಪಟನೆ ಬಡಿಯಬೇಕು. ಮೂರನೆಯ ಸಲಕ್ಕೆ ಕೆಳಗಿನ ಮನೆಯವರು ಬಂದು, ನಿಮ್ಮ ಮಿಕ್ಸರ್ ಏನಾದರೂ ಕೆಟ್ಟಿದೆಯೇ ಎಂದು ವಿಚಾರಿಸಿಕೊಂಡು ಹೋದರು.

ಹದಿನಾಲ್ಕು ಸಲ ತೆಗೆದರು. ಹದಿನಾಲ್ಕು ರೊಟ್ಟಿ ಆದವು, ಒಂದೂ ದಂಡವಾಗಲಿಲ್ಲ. ಡ್ರಮ್ಮಿನವನೊಬ್ಬನೇ ಶೇಂಗಾ ಚಟ್ನಿ ಹಚ್ಚಿಕೊಂಡು ಐದು ತಿಂದ.

ಆ ಊಟದ ಹೊತ್ತಿನಲ್ಲೇ ಮೊದಲನೆಯ ಜಗಳ ಆದದ್ದು. ಕವರಿನ ಇಂಗ್ಲಿಷ್ ಬರಹವನ್ನು ತಿದ್ದಲು ನನಗೆ ಕೊಟ್ಟಿದ್ದರು. ಕನ್ನಡ ಹಾಡಿನ ಮುಂದೆ ಸಾಹಿತ್ಯ: ಟ್ರಡಿಷನಲ್ ಎಂದಿತ್ತು. ಪರಂಪರೆಯಿಂದ ಬಂದದ್ದು, ಯಾರದೂ ಅಲ್ಲದ್ದು ಎಂದರ್ಥ. ನಾನು ಪೆನ್ನು ಕೆಳಗಿಟ್ಟೆ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಮನುಷ್ಯ. ಊರು ಗೊತ್ತು, ಗುರು ಗೋವಿಂದಭಟ್ಟರು ಗೊತ್ತು, 1990ರಲ್ಲಿ ಟಿ. ಎಸ್. ನಾಗಾಭರಣ ಅವರ ಮೇಲೆ ಸಿನಿಮಾವನ್ನೇ ತೆಗೆದರು. ಯಾರದೂ ಅಲ್ಲದ್ದು ಹೇಗಾಯಿತು? ಮಗ, "ಕಾಪಿರೈಟ್ ಮುಗದೈತೆಲ್ಲ ಅವ್ವಾ" ಎಂದ. ಅದು ನಿಜ. ನಮ್ಮ ಕಾಯಿದೆಯಲ್ಲಿ ಕವಿಯ ಹಕ್ಕು ಅವನು ಸತ್ತ ಮೇಲೆ 60 ವರ್ಷ. ಶರೀಫರ ಪದ ಯಾರು ಬೇಕಾದರೂ ಹಾಡಬಹುದು, ಒಂದು ಕಾಸೂ ಕೊಡಬೇಕಾಗಿಲ್ಲ. ಸಿ. ಅಶ್ವತ್ಥರು ಕೂಡಿಸಿದ ಧಾಟಿ ಬೇರೆ ಮಾತು. ಅವರು ತೀರಿಕೊಂಡದ್ದು 2009ರಲ್ಲಿ, ಅದನ್ನು ಎತ್ತಿಕೊಳ್ಳುವುದಾದರೆ ಹಕ್ಕುಳ್ಳವರನ್ನು ಕೇಳಬೇಕು. ಆದರೆ ದುಡ್ಡು ಕೊಡಬೇಕಾಗಿಲ್ಲ ಎಂದರೆ ಹೆಸರೂ ಹಾಕಬೇಕಾಗಿಲ್ಲ ಎಂದಲ್ಲವಲ್ಲ! ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲನೆಯ ಆಲ್ಬಮ್ಮಿನಲ್ಲಿ ಶರೀಫರನ್ನು ಹಾಡಿ ಲೋಕವೆಲ್ಲ ತಿರುಗಿ ಬಂದರು; ನಿಮ್ಮಂಥ ಎಷ್ಟೋ ಮಕ್ಕಳು ಶರೀಫರ ಹೆಸರು ಮೊದಲು ಕೇಳಿದ್ದೇ ಆ ದಾರಿಯಿಂದ. ಗಿಟಾರಿನವ, "ಕಾಕೂ ಹೇಳುವುದು ಸರಿ, ನಮ್ಮ ತುಕಾರಾಮನಿಗೆ ಹೀಗೆ ಬರೆದರೆ ನನ್ನ ಅಜ್ಜಿ ಬಿಡುತ್ತಿದ್ದಳೇ" ಎಂದ. ಅಲ್ಲಿಗೆ ತೀರ್ಮಾನವಾಯಿತು. ಸಾಹಿತ್ಯ: ಶಿಶುನಾಳ ಶರೀಫ ಎಂದು ಕನ್ನಡದಲ್ಲೇ ಹಾಕುತ್ತೇವೆ ಎಂದರು. ನಾನು ಗೆದ್ದೆ ಎಂದು ಖುಷಿಪಟ್ಟೆ.

ಕವರಿನ ವಿಷಯ ಸ್ವಲ್ಪ ಹೇಳಬೇಕು. ಹಾಡೆಲ್ಲ ಮೊಬೈಲಿನಲ್ಲೇ ಸಿಗುವ ಕಾಲದಲ್ಲಿ ಕವರು ಯಾಕೆ ಎಂದರೆ, ಕಾರ್ಯಕ್ರಮ ಕೇಳಿದವರು ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಬೇಕಂತೆ. ಹಳೆಯ ಕಾಲದಲ್ಲಿ ಒಂದು ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಹಲವು ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂತೆ ಪುಸ್ತಕ ಕಟ್ಟಿ ಮಾರುತ್ತಿದ್ದರು, ಆಲ್ಬಮ್ ಎಂಬ ಹೆಸರು ಬಂದದ್ದೇ ಅದರಿಂದ. 1940ರ ಸುಮಾರಿಗೆ ಅಮೆರಿಕದ ಕೊಲಂಬಿಯ ಕಂಪನಿಯ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಹುಡುಗ ಆ ಬೋಳು ರಟ್ಟಿನ ಮೇಲೆ ಚಿತ್ರ ಬಿಡಿಸಿದ. ಈಗ ನಮ್ಮ ಹುಡುಗರದು ಆಲ್ಬಮ್ಮೇ, ಆದರೆ ಒಳಗೆ ತಟ್ಟೆ ಇಲ್ಲ! ಐದಂಗುಲ ಚೌಕದ ಕಂದು ರಟ್ಟು, ಬಿಚ್ಚಿದರೆ ಹಾಡಿನ ಸಾಲುಗಳು, ಮೊಬೈಲು ತೋರಿಸಿದರೆ ಹಾಡು ಇಳಿಯುವ ಚುಕ್ಕಿ ಚುಕ್ಕಿಯ ಚೌಕ. ಮೇಲಿನ ಚಿತ್ರ ಮಾತ್ರ ಬೇಸಿನವನ ತಲೆ. ಕರಿ ಹಂಚಿನ ನಡುವೆ ನನ್ನ ರೊಟ್ಟಿ, ನೇರ ಮೇಲಿನಿಂದ ತೆಗೆದದ್ದು. ದೂರದಿಂದ ನೋಡಿದರೆ ಥೇಟ್ ಗ್ರಾಮಫೋನ್ ತಟ್ಟೆ! 300 ಕವರಿಗೆ 15 ಸಾವಿರ.

ಕೊನೆಯ ಪ್ರೂಫನ್ನು ನನಗೆ ತೋರಿಸಲಿಲ್ಲ. ಯಾಕೆಂದು ಆಮೇಲೆ ತಿಳಿಯಿತು.

ಪ್ರೆಸ್ಸಿನಿಂದ ಡಬ್ಬಿ ಬಂದ ಸಂಜೆ ನಾಲ್ವರೂ ಇದ್ದರು. ಮಗ ಒಂದು ಕವರು ತೆಗೆದು ನನ್ನ ಕೈಗಿಟ್ಟು, "ಒಳಗ ನೋಡು, ಕಡೀಕ" ಎಂದ. ಬಿಚ್ಚಿದೆ. ಕೃತಜ್ಞತೆಯ ಇಂಗ್ಲಿಷ್ ಪಟ್ಟಿಯ ಕೆಳಗೆ, ಒಂದೇ ಒಂದು ಕನ್ನಡ ಶಬ್ದ ಇತ್ತು. ಅವ್ವಗ ಎಂದು ಬರೆಯಲು ಹೋದದ್ದು. ನಮ್ಮ ಕಡೆ ಅವ್ವನಿಗೆ ಎನ್ನುವುದಿಲ್ಲ, ಅವ್ವಗ ಎನ್ನುತ್ತೇವೆ. ಪುಸ್ತಕದ ಕನ್ನಡ ಬಿಟ್ಟು ನಮ್ಮ ಮನೆಯ ಮಾತನ್ನೇ ಹಾಕಿದ್ದ. ಆದರೆ ಅಚ್ಚಾದದ್ದು "ಅವ್‌ವಗ". ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತಿತ್ತು. ಹಿಂಬದಿಗೆ ತಿರುಗಿಸಿದೆ. "ಸಾಹಿತ್‌ಯ". ಅದರ ಮುಂದೆ ಶಿಶುನಾಳ ಶರೀಫ ಎಂಬುದು ಮಾತ್ರ ಸರಿಯಾಗಿತ್ತು. ಪುಣ್ಯಾತ್ಮನ ಹೆಸರಿನಲ್ಲಿ ಒತ್ತು ಇಲ್ಲ.

ಆಗ ನಾನು ಸುಮ್ಮನಿರಬೇಕಿತ್ತೋ ಏನೋ. ಬಾಯಿಂದ ಬಂದೇಬಿಟ್ಟಿತು: "ಇದು ತಪ್ಪ ಐತೆಲ್ಲೋ."

ನಮ್ಮ ಮನಿಯವರು ಪೇಪರಿನ ಮರೆಯಿಂದಲೇ, "ಸುಮ್ನ ಇರಾಕ ಆಗೂದಿಲ್ಲೇನು ನಿನಗ?" ಎಂದರು.

ಬೇಸಿನವನ ಮುಖ ಬಾಡಿತು. ತಪ್ಪು ಅವನದೂ ಅಲ್ಲ. ಕಂಪ್ಯೂಟರಿನಲ್ಲಿ ವ್ವ ಎಂಬುದು ಒಂದು ಅಕ್ಷರವಾಗಿ ಇರುವುದಿಲ್ಲ. ವ, ನಡುವೆ ಅರ್ಧಾಕ್ಷರದ ಚಿಹ್ನೆ, ಮತ್ತೊಂದು ವ ಎಂದು ಮೂರಾಗಿ ಇರುತ್ತದೆ. ಅದನ್ನು ಒತ್ತಾಗಿ ಜೋಡಿಸುವುದು ತಂತ್ರಾಂಶದ ಕೆಲಸ. ಮೊಬೈಲು ತಾನೇ ಜೋಡಿಸುತ್ತದೆ. ಕವರು ಮಾಡುವ ಅಡೋಬಿ ತಂತ್ರಾಂಶಗಳಲ್ಲಿ ಭಾರತದ ಲಿಪಿಗಳಿಗೆಂದು ವರ್ಲ್ಡ್-ರೆಡಿ ಎಂಬ ಬೇರೆ ಜೋಡಣೆ ಉಂಟು, ಅದನ್ನು ಆರಿಸದಿದ್ದರೆ ಅಕ್ಷರಗಳು ಹೀಗೆ ಬಿಡಿಬಿಡಿಯಾಗಿ ಬೀಳುತ್ತವೆ. ಸರಿಯಾಗಿ ಜೋಡಿಸಿದ ಮೇಲೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಮಾರ್ಪಡಿಸಿ ಪ್ರೆಸ್ಸಿಗೆ ಕಳಿಸಿದರೆ ಅಲ್ಲಿಯೂ ಒಡೆಯುವುದಿಲ್ಲ. ಇದನ್ನೆಲ್ಲ ಮರುದಿನ ಹುಡುಕಿ ತಿಳಿದುಕೊಂಡದ್ದು. ನಿಮ್ಮಲ್ಲಿ ಯಾರಾದರೂ ಮದುವೆಯ ಕಾರ್ಡೋ, ಸಂಘದ ಬ್ಯಾನರೋ ಮಾಡುವವರಿದ್ದರೆ ಗುರುತು ಹಾಕಿಕೊಳ್ಳಿ.

ಆ ಸಂಜೆ ಗಿಟಾರಿನವ ಸಮಾಧಾನ ಹೇಳಲು ಬಂದ. "ಕಾಕೂ, ಇದು ಡಿಸೈನು, ಯಾರು ಓದುತ್ತಾರೆ? ಬ್ಲೂ ಮಂಡೇ ನೋಡಿ." ನ್ಯೂ ಆರ್ಡರ್ ಎಂಬ ಇಂಗ್ಲೆಂಡಿನ ಬ್ಯಾಂಡು 1983ರಲ್ಲಿ ತಂದ ತಟ್ಟೆ ಅದು. ಕಂಪ್ಯೂಟರಿನ ಹಳೆಯ ಫ್ಲಾಪಿಯಂತೆ ಕತ್ತರಿಸಿದ ಕವರು, ಮುಖದ ಮೇಲೆ ಹಾಡಿನ ಹೆಸರಿಲ್ಲ, ಹಾಡುವವರ ಹೆಸರಿಲ್ಲ. ಅಂಚಿನಲ್ಲಿ ಬಣ್ಣದ ಚೌಕಗಳಷ್ಟೆ. ಆ ಕವರಿಗೆ ಎಷ್ಟು ಖರ್ಚು ಬಿತ್ತೆಂದರೆ ಮಾರಿದ ಪ್ರತಿಯೊಂದಕ್ಕೂ ನಷ್ಟವಾಯಿತು ಎಂಬ ಕಥೆ ಪ್ರಸಿದ್ಧ. ಮಾಡಿದವನು ಪೀಟರ್ ಸ್ಯಾವಿಲ್. ಆ ಚೌಕಗಳು ಏನು ಎಂದು ಕೇಳಿದೆ. ಗುಪ್ತಲಿಪಿಯಂತೆ. ಒಂದೊಂದು ಬಣ್ಣಕ್ಕೆ ಒಂದೊಂದು ಅಕ್ಷರ. ಬ್ಯಾಂಡಿನ ಹೆಸರು, ಹಾಡಿನ ಹೆಸರು ಎಲ್ಲ ಅದರಲ್ಲೇ ಇದೆ, ಬಿಡಿಸುವ ಕೀಲಿ ಅದೇ ವರ್ಷದ ಅವರ ಇನ್ನೊಂದು ಆಲ್ಬಮ್ಮಿನ ಹಿಂಬದಿಯಲ್ಲಿದೆ.

"ಅಂದರೆ ಓದುವವರು ಓದಬಹುದು. ಅದರಲ್ಲಿ ಒಂದು ಚೌಕ ತಪ್ಪಿತ್ತೇನಪ್ಪಾ?"

ಅವನು ಮಾತಾಡಲಿಲ್ಲ. ಮಗ ಡಬ್ಬಿ ಮುಚ್ಚುತ್ತ, "ಯಾರೂ ಓದೂದಿಲ್ಲ ಬಿಡವ್ವಾ" ಎಂದ.

"ನನಗ ಬರದದ್ದು ನಾ ಓದಬ್ಯಾಡೇನು?"

ಎರಡು ದಿನ ಅವನು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನನಗೂ ಊಟ ರುಚಿಸಲಿಲ್ಲ. ಅವನಿಗೆ ಆ ತಪ್ಪು ಕಾಣಲಿಲ್ಲ ಎಂದು ನಾನು ಸಿಟ್ಟಾದದ್ದು, ಆದರೆ ಕಾಣುವಂತೆ ಮಾಡಬೇಕಾದವರು ಯಾರು? ಇಂಗ್ಲಿಷ್ ಶಾಲೆಗೆ ಹಾಕಿದವಳು ನಾನು. ಹಿಂದಿ, ಮರಾಠಿ ಅಲ್ಲಿ ಕಲಿಯಲೇಬೇಕಿತ್ತು, ಮೂರು ಭಾಷೆ ಸಾಕು ಪಾಪ ಎಂದು ಬಿಟ್ಟೆ. ಸಂಘದ ಭಾನುವಾರದ ಕನ್ನಡ ಕ್ಲಾಸಿಗೆ ನಾಲ್ಕು ತಿಂಗಳು ಹೋದ; ಕ್ರಿಕೆಟ್ ಶುರುವಾದಾಗ ನಿಲ್ಲಿಸಿದ, ನಾನೂ ಒತ್ತಾಯ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಲೋಕಲ್ ಹಿಡಿದು ಕರೆದೊಯ್ಯಲು ನನಗೂ ಬೇಸರವಿತ್ತು ಎಂಬುದನ್ನು ಇಲ್ಲಿ ಬರೆಯುವಾಗ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ. ಆ ಕ್ಲಾಸಿನಲ್ಲಿ ಅವರು ಆಗಿನ್ನೂ ಕಾಗುಣಿತದಲ್ಲಿದ್ದರು. ಒತ್ತಕ್ಷರ ಮುಂದಿನ ತಿಂಗಳು ಬರಬೇಕಿತ್ತು.

ಮೂರನೆಯ ದಿನ ಮಗನೇ ಕಂದು ಬಣ್ಣದ ಅಂಟುಕಾಗದದ ಕಟ್ಟು ತಂದ. ಮತ್ತೆ ಅಚ್ಚು ಹಾಕಿಸಲು ದುಡ್ಡಿಲ್ಲ, ತಪ್ಪಿನ ಮೇಲೆ ಚೀಟಿ ಅಂಟಿಸುವುದು. ಸಾಹಿತ್ಯದ ಸಾಲನ್ನು ಬೇಸಿನವ ಸರಿಯಾಗಿ ಜೋಡಿಸಿ ಪ್ರಿಂಟು ತೆಗೆದ. ನನಗೆ ಮೂರು ಸಲ ತೋರಿಸಿಯೇ ಕತ್ತರಿಸಿದ. ಒಳಗಿನದನ್ನು ಮಾತ್ರ ಕೈಯಿಂದಲೇ ಬರೆಯಬೇಕೆಂದು ಮಗನ ಹಟ. 300 ಚೀಟಿ. "ನೀ ಬರೀಬ್ಯಾಡ, ತೋರಸು ಅಷ್ಟ" ಎಂದ.

ನಡುಮನೆಯಲ್ಲಿ ಪೇಪರು ಹಾಸಿ ನಾಲ್ವರನ್ನೂ ಕೂರಿಸಿದೆ. ವ ಬರೆಯಿರಿ, ಅದರ ಕೆಳಗೆ ಬಲಕ್ಕೆ ತಲೆಕಟ್ಟಿಲ್ಲದ ಚಿಕ್ಕ ವ. ತಮಿಳು, ಮಲಯಾಳಿ ಹುಡುಗರ ಕೈ ದುಂಡಗೆ ಬೇಗ ತಿರುಗಿತು. ಮರಾಠಿಯವನು ಮೇಲೆ ಗೆರೆ ಎಳೆಯಲು ನೋಡುತ್ತಿದ್ದ. ನನ್ನ ಮಗ ನಾಲಿಗೆ ಹೊರಗೆ ಹಾಕಿಕೊಂಡು, ಒಂದನೇ ಕ್ಲಾಸಿನಲ್ಲಿ ಬರೆಯುತ್ತಿದ್ದ ಹಾಗೆಯೇ ಬರೆದ. ಮೊದಲ ಐವತ್ತು ಕಾಗೆಕಾಲು, ಆಮೇಲಿನವು ಪರವಾಗಿಲ್ಲ. ರಾತ್ರಿ ಒಂದೂವರೆಗೆ ಮುಗಿಯಿತು.

ಬೆಳಿಗ್ಗೆ ನಾನು ಒಂದೊಂದನ್ನೇ ತೆಗೆದು ನೋಡುತ್ತಿದ್ದಾಗ ಒಂದು ಕವರಿನಲ್ಲಿ ಡ್ರಮ್ಮಿನವ ವಕಾರಕ್ಕೆ ಒಂದು ಗೀಟು ಹೆಚ್ಚು ಎಳೆದಿದ್ದ. ಮೇಲೆಯೂ ಎಳೆದಿದ್ದ, ಒತ್ತಿಗೂ ಎಳೆದಿದ್ದ. "ಅಪ್ಪಗ" ಎಂದಾಗಿತ್ತು. ತಿದ್ದಲು ಬೇರೆ ಚೀಟಿ ಹುಡುಕುತ್ತಿದ್ದೆ. ನಮ್ಮ ಮನಿಯವರು ಚಹಾದ ಕಪ್ಪು ಇಟ್ಟು ಬಂದು, ಕನ್ನಡಕ ಏರಿಸಿ ಓದಿ, ಆ ಕವರನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹುಡುಗರು ಮಾರಲು ಒಯ್ದದ್ದು 299.